ಅತ್ತೆಯ ಅವರೆಕಾಳಿನ ದಂಡ

ಹುಲ್ಲಹಳ್ಳಿಗೆ ಹೋಗಿ ನಮ್ಮ ಸೋದರತ್ತೆಯನ್ನು ನೋಡಿಬಂದವರಿಗೆ ಅತ್ತು ಕಣ್ಣು ಉರಿಯುತ್ತಿರಲಿಲ್ಲ, ಬೆರಳು ನೋಯುತ್ತಿತ್ತು! ಅತ್ತೆಗೆ ಕ್ಯಾನ್ಸರ್. ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು, "ಇನ್ನು ಮನೆಯಲ್ಲೇ ಚೆನ್ನಾಗಿ ನೋಡ್ಕೊಳ್ಳಿ" ಎಂದಿದ್ದರು. ಇದನ್ನು ಅವಳಿಗೆ ಹೇಳಕೂಡದು, ಕೇಳಿದರೆ ಗ್ಯಾಸ್ಟ್ರಿಕ್ ಎನ್ನಬೇಕು ಎಂದು ಅವಳ ಮಗ ಸೊಸೆಯಿಂದ ಆಣೆ ಹಾಕಿಸಿಕೊಂಡ ಮಹಾಜಾಣ ನಾನೇ. ಮೂವತ್ತು ವರ್ಷ ಅಂಗನವಾಡಿ ನಡೆಸಿ, ಮಕ್ಕಳ ಸುಳ್ಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದವಳಿಗೆ ಗ್ಯಾಸ್ಟ್ರಿಕ್ ಕಥೆ!

ಅತ್ತೆ ಒಂದು ಕಾನೂನು ಮಾಡಿದಳು. ಮಂಚದ ಪಕ್ಕದಲ್ಲಿ ನೆನೆಸಿದ ಅವರೆಕಾಳಿನ ಬೋಗುಣಿ. ಸುಳ್ಳು ಸಮಾಧಾನ ಹೇಳಿದವರು ಒಂದು ಬಟ್ಟಲು ಕಾಳು ಹಿದುಕಿಕೊಟ್ಟೇ ಏಳಬೇಕು.

ಹೆಮ್ಮಿಗೆಯಿಂದ ಚಿಕ್ಕಪ್ಪ ಬ್ರೆಡ್ಡು, ಮೂಸಂಬಿ ಹಿಡಿದು ಬಂದ. ಅತ್ತೆಗೆ ಗುಟುಕು ನೀರು ಇಳಿಯುವುದೇ ಕಷ್ಟವಾಗಿತ್ತು!

"ಏನೂ ಆಗಲ್ಲ ಕಣಕ್ಕಾ. ಯುಗಾದಿಗೆ ನೀನೇ ನಿಂತ್ಕಂಡು ಒಬ್ಬಟ್ಟು ಮಾಡ್ತೀಯ."

"ಎಲ್ಡು ಬಟ್ಲು. ಏನೂ ಆಗಲ್ಲ ಅಂದಿದ್ಕೊಂದು, ಒಬ್ಬಟ್ಗೊಂದು" ಎಂದಳು ಅತ್ತೆ.

ಕವಲಂದೆಯ ಬೀಗಿತ್ತಿ ಗಲ್ಲ ಸವರಿ, "ಮೊಕ ಚಿನ್ನದಂಗೆ ವೊಳೀತದೆ!" ಎಂದರು.

"ಕಾಮಾಲೆ ಕನವ್ವ. ಇದುಕು."

ಮನೆಯಲ್ಲಿ ದಿನವೂ ಹಿದುಕಬೇಳೆ ಸಾರು. ನಮ್ಮ ಸುಳ್ಳು ಎಷ್ಟೋ ಸಾರೂ ಅಷ್ಟು! ಎರಡು ತಿಂಗಳಲ್ಲಿ ಒಬ್ಬರಾದರೂ 'ನಿನಗೆ ಭಯ ಆಗುತ್ತಾ?' ಎಂದು ಕೇಳಿದರೇ? ಬಂದರು, ತಮಗೆ ತಾವೇ ಸಮಾಧಾನ ಹೇಳಿಕೊಂಡರು, ಕೈ ತೊಳೆದುಕೊಂಡು ಬಸ್ಸು ಹತ್ತಿದರು. ನಂಜನಗೂಡಿನಲ್ಲಿ ಮಕ್ಕಳಿಗೆ ನಿಜ ಹೇಳಿರೆಂದು ಪಾಠ ಮಾಡುವ ನಾನೂ ಪ್ರತಿ ಭಾನುವಾರ ಅದನ್ನೇ ಮಾಡಿದೆ. ನಾಚಿಕೆಗೇಡು.

ಸಂಕ್ರಾಂತಿ ಕಳೆದ ಭಾನುವಾರ ಅತ್ತೆ ನೇರವಾಗಿ ಕೇಳಿದಳು. "ಡಾಕ್ಟ್ರು ಏನಂದ್ರ್ಲಾ?"

ನಾನು ಬೋಗುಣಿಯನ್ನು ತೊಡೆಯ ಮೇಲೆಳೆದುಕೊಂಡೆ.

"ಬಾಯ್ ಬುಡೋಕ್ ಮುಂಚೆನೇ ದಂಡ ಕಟ್ತಿದ್ದೀಯಲ್ಲೋ!" ಎಂದು ನಕ್ಕಳು. ಆ ನಗುವಿಗೇ ಅವಳ ಉಸಿರು ಸೋತುಹೋಯಿತು. ನನಗೆ ಒಂದು ಕಾಳೂ ಹಿದುಕಲಾಗಲಿಲ್ಲ.

"ಮನೇಲೇ ನೋಡ್ಕೊಳ್ಳಿ ಅಂದ್ರು ಅತ್ತೆ. ನೀನು ಹೋಗ್ಬುಡ್ತೀಯ ಅಂತ ನಂಗೆ ಭಯ ಆಯ್ತದೆ."

ಅತ್ತೆ ನನ್ನ ಒದ್ದೆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಂಗೂ ಕನ್ಲಾ ಮಗ. ಯಾರ್ತಾವ ಯೋಳ್ಕಳ್ಳಿ? ಬಂದೋರೆಲ್ಲ ಏನೂ ಆಗಲ್ಲ ಅಂತೀರಿ."

ಇಬ್ಬರೂ ಅತ್ತೆವು. ಸಾಯಂಕಾಲದವರೆಗೆ ಅವಳು ಏನೇನೋ ಹೇಳಿದಳು, ನಾನು ಕೇಳಿದೆ. ಆಮೇಲೆ ಅವಳಿಗಿದ್ದದ್ದು ಒಂಬತ್ತೇ ದಿನ. ಎರಡು ತಿಂಗಳನ್ನು ನಾನು ಗ್ಯಾಸ್ಟ್ರಿಕ್‌ ಎಂದು ಕಳೆದುಬಿಟ್ಟಿದ್ದೆ.

ಆ ಸಂಜೆ ಹೊರಡುವಾಗ ಅಭ್ಯಾಸಬಲದಿಂದ ಬೋಗುಣಿಗೆ ಕೈ ಹಾಕಿದೆ. ಅತ್ತೆ ಅದನ್ನು ಮೆಲ್ಲಗೆ ಅತ್ತ ಸರಿಸಿದಳು. "ಬುಡು ಮಗ, ಇವತ್ತು ನಿಂಗಿಲ್ಲ."