ಪೈಪಿನೋನು ಅತ್ತೆಯ ರಕ್ತ ಸೋಸಿದ್ದು

ಸೂಟ್‌ಕೇಸಿನ ಬೀಗ ಅತ್ತೆಯ ಬೆರಳು ಕಚ್ಚಿದ್ದೇ ಎಲ್ಲಕ್ಕೂ ಮೂಲ. ಮಗಳ ಮನೆಗೆ ನಾಲ್ಕು ದಿನಕ್ಕೆಂದು ಬಂದು ಎಂಟು ತಿಂಗಳು ಬೇರೂರಿದ್ದ ಆಕೆ, ಕೊನೆಗೂ ಮಗನ ಮನೆಗೆ ಗಂಟುಮೂಟೆ ಕಟ್ಟಿದ್ದಳು. ಗಾಯಕ್ಕೆ ಹೊಲಿಗೆ ಯಂತ್ರದ ಎಣ್ಣೆ ಸವರಿದಳು. ಕಬ್ಬಿಣ ಕಚ್ಚಿದ್ದಕ್ಕೆ ಕಬ್ಬಿಣದ ಎಣ್ಣೆಯೇ ಮದ್ದು ಎಂಬುದು ಆಕೆಯ ವೈದ್ಯಶಾಸ್ತ್ರ. ಹೊರಡುವ ದಿನ ಬೆಳಗ್ಗೆ ಬೆರಳು ಬದನೆಕಾಯಿಯಾಗಿತ್ತು, ಹಣೆಯಿಂದ ಊರಿನ ಬಟ್ಟೆಯನ್ನೆಲ್ಲ ಇಸ್ತ್ರಿ ಮಾಡಬಹುದಿತ್ತು, ರಕ್ತದೊತ್ತಡ ಪಾತಾಳ ಸೇರಿತ್ತು.

ಅಳಿಯನಿಗೆ ಆಸ್ಪತ್ರೆಯಲ್ಲಿ ರಕ್ತ ಸೋಸುವ ಯಂತ್ರ ನಡೆಸುವ ಕೆಲಸ. ಅತ್ತೆ ಅವನನ್ನು ಒಮ್ಮೆಯೂ ಅಳಿಯ ಎಂದವಳಲ್ಲ, 'ಪೈಪಿನೋನು', ಅಷ್ಟೇ. ಈಗ ಆಕೆಯನ್ನು ಅದೇ ಆಸ್ಪತ್ರೆಗೆ ಸೇರಿಸಿದ್ದರು, ಅಲ್ಲಿ ಆ ಯಂತ್ರ ಬಲ್ಲವನು ಅವನೊಬ್ಬನೇ.

"ಔಷಧಿ ಹೋಗ್ತಾ ಇದೆ. ಆದ್ರೆ ಸೋಂಕಿಗೆ ಮೈಯೇ ಗಾಬರಿಬಿದ್ದು, ತನ್ನ ರಸಗಳನ್ನೇ ವಿಷದ ಹಾಗೆ ರಕ್ತಕ್ಕೆ ಸುರೀತಾ ಇದೆ," ಎಂದರು ಡಾಕ್ಟರಮ್ಮ. "ಸೋಸಿ ತೆಗೀದಿದ್ರೆ ಸಂಜೆ ದಾಟಲ್ಲ."

ತಾಯಿಯನ್ನು ಕರೆದೊಯ್ಯಲು ಬಂದಿದ್ದ ಬಾಮೈದ, ಸೂಟ್‌ಕೇಸ್ ಹಿಡಿದೇ ಪಿಸುಗುಟ್ಟಿದ: "ಭಾವ, ಹಾಗೇ ನಾಲಿಗೆಗೂ ಒಂದು ಪೈಪ್ ಎಳೀರಿ."

"ಸುಮ್ನಿರೋ!" ಎಂದು ತಮ್ಮನನ್ನು ಗದರಿದ ಹೆಂಡತಿ ಗಂಡನತ್ತ ತಿರುಗಿದಳು. "ರೀ, ನಮ್ಮಮ್ಮನಿಗೇನಾದ್ರೂ ಆದ್ರೆ..." ಆಕೆ ಮಾತು ಮುಗಿಸಲಿಲ್ಲ. ಮುಗಿಸಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಯಂತ್ರ ಶುರುವಾಯಿತು. ರಕ್ತ ಪೈಪಿನಲ್ಲಿ ಹೊರಹೋಗಿ, ಸೋಸುವ ಕೊಳವೆಯಲ್ಲಿ ತುಂಬಿದ್ದ ಮಣಿಗಳಿಗೆ ವಿಷವನ್ನು ಅಂಟಿಸಿ, ತಿಳಿಯಾಗಿ ಮರಳುತ್ತಿತ್ತು. ಒತ್ತಡ ಮುದುಕ ಮೆಟ್ಟಿಲು ಹತ್ತುವಂತೆ ಒಂದೊಂದೇ ಅಂಕಿ ಏರಿತು. ಇದ್ದಕ್ಕಿದ್ದಂತೆ ಯಂತ್ರ ಸತ್ತಿತು.

ಬಾಮೈದನ ಕೈಯಲ್ಲಿ ಯಂತ್ರದ ಪ್ಲಗ್! "ಮೊಬೈಲಿಗೆ ಚೂರು ಚಾರ್ಜು, ಭಾವ. ಅಮ್ಮನ ಟಿಕೆಟ್ ರದ್ದು ಮಾಡ್ಬೇಕಲ್ಲ!"

ಯಂತ್ರದ ಬ್ಯಾಟರಿ ಹೋದ ತಿಂಗಳೇ ತೀರಿಕೊಂಡಿತ್ತು. ಪ್ಲಗ್ ಮರಳಿ ಚುಚ್ಚಿದರೂ ಯಂತ್ರ ಮೈಮುರಿಯುತ್ತಾ ಕೂತಿತು. ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಅಳಿಯ ಪಂಪಿನ ಹಿಡಿಕೆ ಹಿಡಿದು ಕೈಯಿಂದಲೇ ತಿರುಗಿಸತೊಡಗಿದ. ಗಡಿಯಾರ ಇಪ್ಪತ್ತು ನಿಮಿಷ ಎಂದಿತು. ಅದು ಸುಳ್ಳುಬುರುಕ ಗಡಿಯಾರ. ಎರಡು ಯುಗಕ್ಕೆ ಒಂದು ನಿಮಿಷವೂ ಕಡಿಮೆಯಿರಲಿಲ್ಲ.

"ಜೀವ ಬಿಡ್ಬೇಡಿ ಅತ್ತೆ, ನಾಳೇನೂ ಬಸ್ ಇದೆ," ಎಂದು ಅವನು ಗೊಣಗುತ್ತಲೇ ಇದ್ದ. ಕೊನೆಗೆ ಯಂತ್ರ ಎಚ್ಚೆತ್ತು ತಾನೇ ತಿರುಗತೊಡಗಿತು.

ಸಂಜೆ ಆಕೆ ಕಣ್ಣು ಬಿಟ್ಟಳು.

"ಅಳಿಯಂದ್ರೇ..."

ಎಂಟು ತಿಂಗಳಲ್ಲಿ ಮೊದಲ ಸಲ! ಎಲ್ಲರ ಕಣ್ಣೂ ತುಂಬಿತು, ಅವನದೂ.

"ಕಣ್ಣು ಮುಚ್ಚಿತ್ತು, ಕಿವಿ ತೆರೆದೇ ಇತ್ತು. ಹೆತ್ತ ಮಗ ಪ್ಲಗ್ ಕಿತ್ತ, ನೀವು ಕೈಯಾರೆ ಉಳಿಸಿದ್ರಿ. ಇನ್ನು ನಾನು ಎಲ್ಲಿಗೂ ಹೋಗೋಳಲ್ಲ. ಉಸಿರಿರೋವರೆಗೂ ನಿಮ್ಮನೇಲೇ!"

ವಿಷವೆಲ್ಲ ಸೋಸಿಹೋಗಿ ಬರೀ ಪ್ರೀತಿ ಉಳಿದಿತ್ತು. ಅದನ್ನು ಸೋಸುವ ಯಂತ್ರ ಆ ಆಸ್ಪತ್ರೆಯಲ್ಲಿರಲಿಲ್ಲ.

ಹಿಡಿಕೆ ತಿರುಗಿಸಿ ಮರಗಟ್ಟಿದ್ದ ಅಳಿಯನ ಬೆರಳುಗಳು ಇನ್ನೂ ಬಿಚ್ಚಿರಲಿಲ್ಲ. ಬಾಮೈದ ಆ ಮುಷ್ಟಿಯೊಳಗೆ ಅಮ್ಮನ ಸೂಟ್‌ಕೇಸಿನ ಹಿಡಿಯನ್ನು ಮೆಲ್ಲನೆ ಸಿಕ್ಕಿಸಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಬರ್ತೀನಿ ಭಾವ, ನನ್ನ ಟಿಕೆಟ್ ರದ್ದಾಗಿಲ್ಲ," ಎಂದವನೇ ಬಸ್ಸಿಗೆ ಓಡಿದ.