ನೆಲ್ಲಿಮಾಡಂಡ ಪಳಂಗಪ್ಪನ ಕೋವಿ ಪರೀಕ್ಷಾ ಪರ್ವ

ಎಲೈ ಗಂಧಕಗಂಧಿನಿಯೇ, ಧೂಮಾಂಬರಧಾರಿಣಿಯೇ, ನಳಿಗೆಯ ಬಾಯಲ್ಲಿ ಹುಟ್ಟಿ ಬೆಟ್ಟದಿಂದ ಬೆಟ್ಟಕ್ಕೆ ನೆಗೆಯುವ ಸದ್ದಿನ ಅಧಿದೇವತೆಯೇ, ಒಂದಿಷ್ಟು ಹೊತ್ತು ನನ್ನ ನಾಲಿಗೆಯ ಮೇಲೆ ನೆಲೆಸು. ಸಾಧ್ಯವಾದರೆ ಕೆಮ್ಮು ಬರಿಸಬೇಡ. ಕಾಫಿಯ ಬೆಲೆ ಏರಿ, ಮಂಗಗಳ ಸಂತತಿ ಅದಕ್ಕಿಂತಲೂ ಏರಿ, ಧರ್ಮವು ಒಂಟಿಕಾಲಿನಲ್ಲಿ ನಿಂತು ಆಯಾಸಪಡುತ್ತಿರುವ ಈ ಕಲಿಯುಗದಲ್ಲಿ, ದಕ್ಷಿಣ ಕೊಡಗಿನ ಒಂದು ಗುಡ್ಡದ ನೆತ್ತಿಯಲ್ಲಿ, ನೆಲ್ಲಿಮಾಡಂಡವೆಂಬ ಮನೆತನದಲ್ಲಿ ಅವತರಿಸಿದ, ನಾರಿಕೇಳಕುಲವೈರಿ, ಮರ್ಕಟಸಭಾವಿನೋದನ, ವರಾಹವೃಂದನಿರ್ಲಕ್ಷಿತ, ಬಿರುದಾವಳಿಭಾರನಮಿತಸ್ಕಂಧ ಪಳಂಗಪ್ಪನೆಂಬ ಮಹಾವೀರನ ಚರಿತ್ರೆಯನ್ನು ಹಾಡಲು ಹೊರಟಿದ್ದೇನೆ.

ಹಾಡುವವನೂ ಆ ಪಳಂಗಪ್ಪನೇ. ನಮ್ಮ ಕಡೆ ದುಡಿ ಬಾರಿಸಿಕೊಂಡು ವೀರರ ಮೇಲೆ ಹಾಡು ಕಟ್ಟುವ ಪದ್ಧತಿಯುಂಟು. ನನ್ನ ಮೇಲೆ ಕಟ್ಟಲು ಇಷ್ಟು ವರ್ಷ ಕಾದರೂ ಯಾರೂ ಮುಂದೆ ಬರಲಿಲ್ಲ. ಆದಕಾರಣ ಈ ಕೆಲಸವನ್ನೂ ನಾನೇ ಮಾಡಿಕೊಳ್ಳಬೇಕಾಯಿತು. ಬೇರೆ ಯಾರದೋ ಕಥೆಯೆಂಬಂತೆ ಹೇಳಿದರೆ ಹೊಗಳಿಕೊಳ್ಳುವಾಗ ಮುಖ ಅಷ್ಟೊಂದು ಕೆಂಪಾಗುವುದಿಲ್ಲ ಎಂಬ ಅನುಕೂಲವೂ ಇದೆ.

ಕೈಲ್‌ಪೊಳ್ದ್ ಹಬ್ಬದಂದು ಕೊಡವರು ಮನೆಯ ಆಯುಧಗಳನ್ನೆಲ್ಲ ದೀಪದ ಮುಂದಿಟ್ಟು ಪೂಜಿಸಿ, ಕಡುಂಬುಟ್ಟು, ಅಂದರೆ ಅಕ್ಕಿತರಿಯ ಉಂಡೆ ಕಡುಬು, ಹಂದಿಕರಿ ಉಂಡು, ಊರ ಮೈದಾನಕ್ಕೆ ಹೋಗಿ ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಕಾಯಿ ಒಡೆದವನಿಗೆ ಒಂದು ವರ್ಷ ಊರಿನಲ್ಲಿ ಎದೆಯುಬ್ಬಿಸಿ ನಡೆಯುವ ಹಕ್ಕುಂಟು. ಹಿಂದಿನ ಹಬ್ಬದಲ್ಲಿ ನಮ್ಮ ವೀರನು ಗುರಿಯಿಟ್ಟಾಗ, ಭೂಮಂಡಲವೇ ಉಸಿರು ಬಿಗಿಹಿಡಿಯಿತು, ದಿಗ್ಗಜಗಳು ಕಿವಿ ಮಡಚಿಕೊಂಡವು, ಗುಂಡು ಸಿಡಿಯಿತು, ತೆಂಗಿನಕಾಯಿಯು ತನಗೂ ಇದಕ್ಕೂ ಏನೂ ಸಂಬಂಧವಿಲ್ಲವೆಂಬಂತೆ ತೂಗುತ್ತ ಇತ್ತು. ಅದರ ಹಿಂದಿನ ಹಬ್ಬದಲ್ಲೂ ಹಾಗೆಯೇ ಆಗಿತ್ತು. ಎರಡು ಸಲವೂ ಕಾಯಿ ಒಡೆದವನು ಮಂದಣ್ಣ, ಅಂದರೆ ವೀರಪತ್ನಿ ದೇಚಮ್ಮನ ಒಡಹುಟ್ಟಿದವನು, ಸ್ವಂತ ಬಾವ. ಅವನು ಬಹುಮಾನದ ಹಾರ ಹಾಕಿಕೊಂಡೇ ನಮ್ಮ ಮನೆಗೆ ಊಟಕ್ಕೆ ಬಂದು, ಕೋವಿಯದೇನೂ ತಪ್ಪಿಲ್ಲ ಬಾವ, ಎಂದು ಸಮಾಧಾನ ಹೇಳಿ ಹೋದನು. ಹೊಟ್ಟೆ ಉರಿದದ್ದು ಆ ಸಮಾಧಾನದಿಂದಲೇ.

ತಪ್ಪು ಕೋವಿಯದೇ ಎಂದು ವೀರನು ಅಂದೇ ನಿಶ್ಚಯಿಸಿದನು. ಮನೆಯ ಕೋವಿ ಮುತ್ತಜ್ಜನ ಕಾಲದ್ದು. ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗುಂಡು ಇಳಿಸಿ, ಗಜವೆಂಬ ಕಬ್ಬಿಣದ ಸರಳಿನಿಂದ ಜಡಿದು, ಕೊನೆಗೆ ಕಿಡಿ ಹಾರಿಸುವ ಪುಟ್ಟ ಕೇಪು ಇಟ್ಟು ಹೊಡೆಯಬೇಕಾದ ಹಳೆಯ ಜಾತಿ. ಅದರ ಹಿಡಿಯ ಬಿರುಕಿಗೆ ಅಜ್ಜ ಹಿತ್ತಾಳೆ ತಂತಿ ಸುತ್ತಿದ್ದರು. ಅಪ್ಪ ಆ ತಂತಿಯ ಮೇಲೆ ಇನ್ನೊಂದು ಸುತ್ತು ಸುತ್ತಿದ್ದರು. ನಾನು ಅದರ ಮೇಲೆ ಸೈಕಲ್ ಟ್ಯೂಬು ಸುತ್ತಿದ್ದೆ. ಹೀಗೆ ವಂಶಪಾರಂಪರ್ಯವು ಅದರ ಮೈಮೇಲೆಯೇ ಬೆಳೆಯುತ್ತಿತ್ತು.

ಇಂಥ ಸಂಧಿಕಾಲದಲ್ಲಿ ಗೋಣಿಕೊಪ್ಪದ ಕೋವಿ ಅಂಗಡಿಯೊಂದರಲ್ಲಿ ಅವಳು ಕಣ್ಣಿಗೆ ಬಿದ್ದಳು. ಅವಳೂ ಕೇಪಿನ ಕೋವಿಯೇ, ಹಳೆಯ ಮಾದರಿಯಲ್ಲಿ ಹೊಸದಾಗಿ ಮಾಡಿದ್ದು. ಅಷ್ಟಕೋನನಳಿಕಾಶೋಭಿತೆ, ಅಕ್ರೋಟಕಾಷ್ಠಕೋಮಲಾಂಗಿ, ರಜತಪುಷ್ಪಖಚಿತಪಾರ್ಶ್ವೆ. ನಳಿಗೆಯ ಒಳಗೆ ಸುರುಳಿ ಗೆರೆ ಕೊರೆದಿರುವುದರಿಂದ ಗುಂಡು ತಿರುಗುತ್ತ ನೆಟ್ಟಗೆ ಹೋಗುತ್ತದೆಂದು ಅಂಗಡಿಯವನು ಹೇಳಿದನು. ಬೆಲೆ ಹೇಳಿದಾಗ ವೀರನ ತಲೆಯೂ ಅದೇ ರೀತಿ ತಿರುಗಿತು. ಉಗ್ರಾಣದಲ್ಲಿ ಒಣಗಿಸಿಟ್ಟ ಕರಿಮೆಣಸನ್ನು ಪೂರ್ತಿ ಮಾರಬೇಕು, ಅದರ ಮೇಲೆ ಹಳೆಯ ಕೋವಿಯನ್ನೂ ಕೊಡಬೇಕು. ಆದರೂ ಪರೀಕ್ಷಿಸಿ ನೋಡಿ ಎಂದು ಅವನು ಒಂದು ಹಗಲಿನ ಮಟ್ಟಿಗೆ ಅವಳನ್ನು ನನ್ನ ಜೊತೆ ಕಳುಹಿಸಿಕೊಟ್ಟನು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ನಾನು ಅವಳಿಗೇ ಬಿಟ್ಟುಕೊಟ್ಟೆ.

ಮನೆಯಲ್ಲಿ ದೇಚಮ್ಮ ಆ ಸುಂದರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೆಣಸು ಮಾಡಿನ ಹೆಂಚಿಗೆಂದು ಇಟ್ಟದ್ದು, ತೊಂಬತ್ತು ದಾಟಿದ ಅತ್ತೆಯ ಹಾಸಿಗೆಯ ಮೇಲೆ ಸೋರುತ್ತಿದೆ, ಹಬ್ಬ ಮುಗಿದ ಮೇಲೆ ಕೋವಿಯನ್ನು ಮಾಡಿಗೆ ಹೊದೆಸುತ್ತೀರೋ ಎಂದು ಕೇಳಿದಳು. ಆಗ ನಮ್ಮ ವೀರನು ಐಮರದ ಮೇಲೆ, ಅಂದರೆ ಜಗಲಿಯ ಅಗಲ ಹಲಗೆಯ ಮೇಲೆ, ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಮೇಘಗಂಭೀರ ಸ್ವರದಲ್ಲಿ ನುಡಿದನು:

“ಎಲೈ ಗೃಹಲಕ್ಷ್ಮಿಯೇ, ಕೇಳು. ಸೋರುವ ಮಾಡನ್ನು ಪಾತ್ರೆಯಿಟ್ಟು ಹಿಡಿಯಬಹುದು. ಸೋರುವ ಕೀರ್ತಿಯನ್ನು ಯಾವ ಪಾತ್ರೆಯಲ್ಲಿ ಹಿಡಿಯಲಿ? ನಿನ್ನ ಸಹೋದರನ ಕೊರಳಿನ ಹಾರವನ್ನು ನನ್ನ ಕೊರಳಿಗೆ ತರುವ ತನಕ ನಾನು ಮೀಸೆ ಕತ್ತರಿಸೆನು, ಮೆತ್ತನೆಯ ದಿಂಬಿನಲ್ಲಿ ಮಲಗೆನು.”

“ದಿಂಬು ಒಗೀಲಿಕ್ಕೆ ಹಾಕಿ ಆಯ್ತು,” ಎಂದು ಹೇಳಿ ದೇಚಮ್ಮ, ಹಬ್ಬದ ಅಕ್ಕಿತರಿ ಮಾಡಿಸಲು ಪಕ್ಕದ ಮನೆಗೆ ಹೊರಟುಹೋದಳು. ವೀರಮಾತೆ ಚೋಂದಮ್ಮ ಬಚ್ಚಲಿನಲ್ಲಿ ಬಿಸಿನೀರು ಹೊಯ್ದುಕೊಳ್ಳುತ್ತಿದ್ದರು. ಅಂಗಳದಲ್ಲಿ ವೀರನೂ ಎರಡು ಕೋವಿಗಳೂ ಮಾತ್ರ ಉಳಿದರು.

ಪರೀಕ್ಷೆಯು ನ್ಯಾಯವಾಗಿ ನಡೆಯಬೇಕಲ್ಲವೇ. ಒಂದನ್ನು ಹೊಡೆದು, ಮತ್ತೆ ಮದ್ದು ಸುರಿದು, ನಾರು ತುರುಕಿ, ಜಡಿದು ಇನ್ನೊಂದನ್ನು ಎತ್ತುವಷ್ಟರಲ್ಲಿ ಗಾಳಿ ಬದಲಾಗುತ್ತದೆ, ಬಿಸಿಲು ಬದಲಾಗುತ್ತದೆ, ಕೈ ನಡುಗಲು ಶುರುವಾಗುತ್ತದೆ. ಆದ್ದರಿಂದ ವೀರನು ಎರಡನ್ನೂ ಮೊದಲೇ ತುಂಬಿಸಿ, ಹಲಸಿನ ಮರದ ಕೊಂಬೆಗೆ ಒಂದು ತೆಂಗಿನಕಾಯಿ ಕಟ್ಟಿ, ಮೀಸೆ ತಿರುವಿ, ಮೊದಲು ಹಳೆಯದನ್ನು ಭುಜಕ್ಕೇರಿಸಿದನು. ಕಲ್ಪಾಂತಜಲಧರನಿನಾದವನ್ನು ನಾಚಿಸುವಂತೆ ಅದು ಮೊರೆಯಿತು. ಆ ಮೊರೆತ ಎದುರು ಗುಡ್ಡವನ್ನು ಮುಟ್ಟಿ ಮರಳುವ ಮೊದಲೇ ವೀರನು ಹೊಸದನ್ನೆತ್ತಿ ಅದನ್ನೂ ಸಿಡಿಸಿದನು. ಕರಿಮದ್ದಿನ ಬಿಳಿಹೊಗೆ ಅಂಗಳವನ್ನೆಲ್ಲ ತುಂಬಿ, ಮರ, ಕಾಯಿ, ಕೊನೆಗೆ ವೀರನ ಮೂಗು ಕೂಡ ಅವನಿಗೇ ಕಾಣದಾಯಿತು. ಹೊಗೆ ಕರಗಿದಾಗ ತೆಂಗಿನಕಾಯಿಯ ನಟ್ಟನಡುವೆ ಒಂದು ತೂತು ಬಿದ್ದು ನೀರು ತೊಟ್ಟಿಕ್ಕುತ್ತಿತ್ತು.

ಒಂದೇ ತೂತು. ವೀರನು ಕಾಯಿಯ ಸುತ್ತ ಪ್ರದಕ್ಷಿಣೆ ಬಂದನು, ತೂತಿನೊಳಗೆ ಬೆರಳಿಟ್ಟನು, ಮೂಸಿದನು. ಇದು ಯಾವಳ ಪರಾಕ್ರಮ? ಎರಡೂ ಗುಂಡು ಒಂದೇ ಗಾತ್ರದ್ದು, ಎರಡೂ ಕೋವಿಯ ಬಾಯಲ್ಲಿ ಒಂದೇ ಹೊಗೆ. ಈ ಮಹಾಪ್ರಶ್ನೆಯಲ್ಲಿ ವೀರನು ಮುಳುಗಿದ್ದಾಗ ಕೆಳಗಿನ ಗದ್ದೆಯ ಕಡೆಯಿಂದ ಹೆಂಗಸೊಬ್ಬಳು ಅಳುವ ದನಿ ಕೇಳಿಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಅದು ನಮ್ಮ ವೀರನಿಗೆ ಹಾಲು ಕುಡಿಯುವಾಗಿನಿಂದ ಗೊತ್ತಿದ್ದು, ಆ ಗಳಿಗೆಯಲ್ಲಿ ಮಾತ್ರ ಮರೆತುಹೋಗಿತ್ತು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು, ಎರಡು. ಕೇಪಿನ ಕೋವಿಯನ್ನು ಅಷ್ಟು ಬೇಗ ಮತ್ತೆ ತುಂಬಲಾಗದ್ದರಿಂದ ಸಾವಿನ ಮನೆಯಲ್ಲಿ ಎರಡು ಕೋವಿ ಬೇಕಾಗುತ್ತದೆ. ಎರಡು ಕೋವಿ ಒಟ್ಟಿಗೆ ಮೊರೆದವೆಂದರೆ ಆ ಮನೆಯಲ್ಲಿ ಯಾರೋ ಹೋದರೆಂದೇ ಅರ್ಥ. ಆಮೇಲೆ ಯಾರೂ ಫೋನು ಮಾಡಿ ಹೌದೋ ಅಲ್ಲವೋ ಎಂದು ವಿಚಾರಿಸುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ, ಅಷ್ಟೇ.

ಬಂದರು. ಗದ್ದೆಯವರು ಕೆಸರುಗಾಲಿನಲ್ಲೇ ಬಂದರು. ತೋಟದವರು ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಹೆಂಗಸರು ತಲೆಯ ವಸ್ತ್ರ ಬಿಚ್ಚಿ ಮುಖಕ್ಕೆ ಹಿಡಿದು ಬಂದರು. ಅವರ ನಡುವೆ ದೇಚಮ್ಮನೂ ಎದೆ ಬಡಿದುಕೊಳ್ಳುತ್ತ ಓಡಿ ಬಂದಳು. ಅವಳು ಅತ್ತದ್ದು ಅತ್ತೆಗಾಗಿಯೋ ನನಗಾಗಿಯೋ ಎಂದು ಇಂದಿಗೂ ಬಾಯಿ ಬಿಟ್ಟಿಲ್ಲ. ಓಲಗದವರಿಗೆ ಯಾರೋ ಹೇಳಿಕಳಿಸಿಯೂ ಆಗಿತ್ತು. ಎರಡು ಕೋವಿಗಳ ನಡುವೆ, ಮರದಿಂದ ಬಿಚ್ಚಿ ತಂದ ತೆಂಗಿನಕಾಯಿ ಅಪ್ಪಿಕೊಂಡು ನಿಂತಿದ್ದ ಮಹಾವೀರನಿಗೆ ನಾಲಿಗೆ ಹೊರಳಲಿಲ್ಲ. ದುಃಖದಿಂದ ಮಾತು ನಿಂತಿದೆಯೆಂದು ತಿಳಿದು ಜನ ಒಬ್ಬೊಬ್ಬರಾಗಿ ಬಂದು ಅವನ ಕೈ ಮುಟ್ಟಿ ಹೋದರು.

ಎಲ್ಲರಿಗಿಂತ ಮುಂದೆ ನುಗ್ಗಿ ಬಂದವನು ಮಂದಣ್ಣ. ಎರಡು ಹಬ್ಬಗಳ ಜಯಶಾಲಿ, ನಾರಿಕೇಳಮಸ್ತಕವಿದಾರಣ, ನನ್ನ ಹೊಟ್ಟೆಯುರಿಯ ಮೂಲಪುರುಷ, ಕಾಲಿಗೆ ಚಪ್ಪಲಿಯೂ ಇಲ್ಲದೆ ಬಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಸಣ್ಣ ಮಗುವಿನ ಹಾಗೆ ಅತ್ತನು.

“ಮೊನ್ನೆ ಬಂದಾಗ ಅವ್ವ ಕಡುಬು ತಿಂದು ಹೋಗು ಅಂದ್ರು, ಬಾವ. ನಾನು ಹೊತ್ತಾಯ್ತು ಅಂತ ನಿಲ್ಲದೆ ಹೋದೆ.”

ಆಗಲಾದರೂ ನಾನು ನಿಜ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ, ಆದರೆ ನನಗೂ ಅಳು ಬಂತು. ಅವನ ಕಣ್ಣೀರು ನನ್ನ ಅಂಗಿಯೊಳಗೆ ಇಳಿಯುತ್ತಿದ್ದಾಗ ಅವನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬದುಕಿರುವ ತಾಯಿಗಾಗಿ ನಾವಿಬ್ಬರೂ ಅಪ್ಪಿಕೊಂಡು ಮನಸಾರೆ ಅತ್ತೆವು.

ಅಷ್ಟರಲ್ಲಿ ಬಚ್ಚಲಿನ ಬಾಗಿಲು ತೆರೆಯಿತು. ಚೋಂದಮ್ಮ ಒದ್ದೆ ಕೂದಲಿಗೆ ಗಂಟು ಹಾಕಿ, ಬಿಳಿ ಸೀರೆಯುಟ್ಟು, ಊರುಗೋಲು ಹಿಡಿದು ಹೊರಟುನಿಂತಿದ್ದರು. ಒಳಗಿದ್ದಾಗ ಎರಡು ಈಡು ಅವರಿಗೂ ಕೇಳಿಸಿತ್ತು. ಹತ್ತಿರದಲ್ಲೇ ಸಾವಾಗಿದೆಯೆಂದು ಅರ್ಧ ಸ್ನಾನಕ್ಕೇ ಎದ್ದುಬಿಟ್ಟಿದ್ದರು. ಅಂಗಳದಲ್ಲಿ ನೆರೆದ ಊರನ್ನು ಕಂಡು, ಎಲ್ಲರೂ ತನ್ನನ್ನು ಕರೆದೊಯ್ಯಲು ಬಂದಿದ್ದಾರೆಂದುಕೊಂಡರು.

“ನಡೀರಿ, ಹೋಗುವ. ಯಾರು ಹೋದದ್ದು?”

ಅಳು ನಿಂತ ಅಂಗಳದಲ್ಲಿ ತೆಂಗಿನಕಾಯಿಯ ನೀರು ನನ್ನ ಪಾದದ ಮೇಲೆ ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು. ಮೊದಲು ನಕ್ಕವನು ಮಂದಣ್ಣ. ಆಮೇಲೆ ಇಡೀ ಊರು ನಕ್ಕಿತು, ಕೆಲವರು ಅಳುತ್ತಲೇ ನಕ್ಕರು. ನನ್ನನ್ನು ಬಾಯಿಗೆ ಬಂದಂತೆ ಬೈದವರೂ ಇದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಓಲಗದವರನ್ನು ಅರ್ಧ ದಾರಿಯಲ್ಲಿ ತಡೆಯಲು ಒಬ್ಬರು ಸ್ಕೂಟರಿನಲ್ಲಿ ಓಡಿದರು.

ಇಷ್ಟಾದ ಮೇಲೂ ವೀರನ ತಲೆಯಿಂದ ಆ ಮಹಾಪ್ರಶ್ನೆ ಇಳಿದಿರಲಿಲ್ಲ. ಜನರೆಲ್ಲ ಐಮರದ ಮೇಲೆ ಕುಳಿತಾಗ ಅವನು ಮೆಲ್ಲಗೆ ಹೆಂಡತಿಯ ಬಳಿ ಹೋಗಿ, ತೂತು ಯಾವ ಕೋವಿಯದೆಂದು ತಿಳಿಯದೆ ಕೊಳ್ಳುವುದು ಹೇಗೆ, ಇನ್ನೊಂದೇ ಒಂದು ಗುಂಡು ಹೊಡೆದು ನೋಡಲೇ ಎಂದು ಕೇಳಿದನು. ದೇಚಮ್ಮ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

“ಹೊಡೀರಿ. ಅತ್ತೆ ಹೋದ್ರು ಅಂತ ಹೇಳಿ ಆಯ್ತು. ಇನ್ನು ಗಂಡುಮಗು ಹುಟ್ಟಿತು ಅಂತ ಹೇಳುವ. ಈ ವಯಸ್ಸಿನಲ್ಲಿ ಯಾರಿಗೆ ಅಂತ ನೀವೇ ಹೇಳಿ ಬನ್ನಿ.”

ಹೀಗೆ ಮೂರನೆಯ ಈಡು ಮದ್ದಿನ ಚೀಲದಲ್ಲೇ ಉಳಿಯಿತು. ತೀರ್ಪು ಬಂದದ್ದು ಬೇರೆ ಕಡೆಯಿಂದ. ಗದ್ದೆಯಿಂದ ಬಂದ ಹಿರಿಯರೊಬ್ಬರು ಹೇಳುತ್ತಿದ್ದರು: ಮೊದಲ ಸದ್ದಿಗೇ ಇದು ನೆಲ್ಲಿಮಾಡಂಡದವರ ಕೋವಿ ಎಂದು ತಮಗೆ ಗೊತ್ತಾಯಿತಂತೆ; ಎರಡನೆಯದು ಯಾರದೋ ತಿಳಿಯಲಿಲ್ಲ, ನೆಂಟರದ್ದಿರಬೇಕು ಎಂದುಕೊಂಡರಂತೆ. ಅವ್ವ ಅದನ್ನು ಕೇಳಿಸಿಕೊಂಡು, ನೆರೆದವರ ಮುಖಗಳನ್ನು ಒಂದೊಂದಾಗಿ ನೋಡಿದರು. ತಾನು ಸತ್ತರೆ ಯಾರು ಯಾರು ಬರುತ್ತಾರೆ, ಯಾರು ಹೇಗೆ ಅಳುತ್ತಾರೆ ಎಂಬುದನ್ನು ಕಣ್ಣಾರೆ ನೋಡುವ ಯೋಗ ಎಷ್ಟು ಜನರಿಗೆ ಇರುತ್ತದೆ. ಅವರ ಮುಖದಲ್ಲಿ ನಾಚಿಕೆಯೂ ಖುಷಿಯೂ ಒಟ್ಟಿಗೆ ಇದ್ದವು. ಆಮೇಲೆ ನನ್ನನ್ನು ಚಿಕ್ಕ ಮಗುವನ್ನು ಕರೆಯುವಂತೆ ಹತ್ತಿರ ಕರೆದರು.

“ಕುಂಞಿ, ಹಳೇದನ್ನು ಕೊಡಬೇಡ. ಅದರ ಸದ್ದಿಗೆ ಇಷ್ಟು ಜನ ಓಡಿ ಬಂದ್ರಲ್ಲ. ನಾನು ಹೋದ ದಿನ ಹೊಸದರಲ್ಲಿ ಹೊಡೆದ್ರೆ, ಎಲ್ಲಿಯದೋ ಎಂತದೋ ಅಂತ ಎಲ್ಲ ಮನೇಲೇ ಕೂತಾರು.”

ಎರಡನೇ ಈಡಿಗೆ ಇನ್ನೊಂದು ಕೋವಿ ಬೇಕಲ್ಲ ಅವ್ವ ಎಂದೆ. ಹೊಸದನ್ನು ಕೊಳ್ಳಲು ಅದೊಂದು ಸಣ್ಣ ದಾರಿ ಉಳಿದಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

“ಮಂದಣ್ಣನದ್ದು ಉಂಟಲ್ಲ,” ಎಂದರು ಅವ್ವ. ಮಂದಣ್ಣ, ಅವ್ವ ಒಳಗಿನಿಂದ ತರಿಸಿಕೊಟ್ಟಿದ್ದ ಕಡುಬನ್ನು ಬಾಯಲ್ಲಿ ಇಟ್ಟುಕೊಂಡೇ ತಲೆಯಾಡಿಸಿದನು.

ಕುಲಗಿರಿಗಳೇ ಸಾಕ್ಷಿಯಾಗಿರಲಿ, ಕಾವೇರಿಯ ಅಲೆಗಳೇ ಕೇಳಿಸಿಕೊಳ್ಳಲಿ: ಅಲ್ಲಿಗೆ ಕೋವಿ ಪರೀಕ್ಷಾ ಮಹಾಸಮರವು ಮುಗಿಯಿತು. ಕೀರ್ತಿಕಾಮಿನೀಕಟಾಕ್ಷಕಾಂಕ್ಷಿಯೂ, ಅಷ್ಟಕೋನನಳಿಕಾಮೋಹಪರವಶನೂ, ಬಾಂಧವಬಾಷ್ಪಸಿಕ್ತಾಂಗಿಯೂ ಆದ ಪಳಂಗಪ್ಪನು, ಕೊಡಗಿನ ಭವಿಷ್ಯವನ್ನೇ ಕುರಿತು ಗಂಭೀರವಾದ ಮಾತೊಂದನ್ನು ಆಡಬೇಕೆಂದು ಎದೆ ಸೆಟೆಸಿ ಉಸಿರೆಳೆದುಕೊಂಡನು.

“ಅದು ವಾಪಸು ಕೊಟ್ಟು ಬರುವಾಗ ಹಾಲು ತಾ,” ಎಂದರು ಅವ್ವ. “ಇಷ್ಟು ಜನಕ್ಕೆ ಕಾಫಿ ಆಗಬೇಕು.”

ಬಲ ಭುಜದ ಮೇಲೆ ಆ ಸುಂದರಿಯನ್ನೇರಿಸಿ, ಎಡಗೈಯಲ್ಲಿ ಹಾಲಿನ ಕ್ಯಾನು ಹಿಡಿದು, ಮಹಾವೀರನು ಬಸ್ಸಿಗೆ ಹೊರಟನು. ಗೇಟಿನ ಬಳಿ ದೇಚಮ್ಮ ಕೂಗಿ, ಸಕ್ಕರೆಯೂ ಮುಗಿದಿದೆ ಎಂದು ನೆನಪಿಸಿದಳು.