ಹಕ್ಕರಿಕಿ ಕಾಲದ ಪಜೀತಿಗಳು

ಮಳೆಗಾಲದಲ್ಲಿ ಬಸ್ಸು ಕೆಸರಿಗೆ ಸಿಕ್ಕಿಕೊಳ್ಳುತ್ತದೆ, ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆ. ಇವೆರಡಕ್ಕೂ ಡಿಪೋದಲ್ಲಿ ಔಷಧಿ ಉಂಟು. ಚಳಿಗಾಲದಲ್ಲಿ ನನ್ನ ಬಸ್ಸಿಗೆ ಆಗುವುದಕ್ಕೆ ಮಾತ್ರ ಯಾವ ಮೆಕ್ಯಾನಿಕ್ಕನ ಹತ್ತಿರವೂ ಔಷಧಿಯಿಲ್ಲ. ಹಾವೇರಿಯಿಂದ ಮೋಟೆಬೆನ್ನೂರು, ಬ್ಯಾಡಗಿ ಹಾಯ್ದು ರಾಣೆಬೆನ್ನೂರಿಗೆ ಹೋಗುವ ಬಸ್ಸಿಗೆ ನಾನು ಕಂಡಕ್ಟರ್. ದೀಪಾವಳಿ ಮುಗಿಯುವುದೇ ತಡ, ಮೆಂತೆ ಪಲ್ಯದ ಸೂಡು, ಹಸಿಕಡಲೆ ಗಿಡದ ಹೊರೆ, ಎಲೆ ಸಮೇತ ಮೂಲಂಗಿ, ಅವರೆಕಾಯಿ ಚೀಲ ಒಂದೊಂದಾಗಿ ಬಸ್ಸು ಹತ್ತುತ್ತವೆ. ಅವುಗಳ ಹಿಂದೆಯೇ ಒಂದು ಪಜೀತಿಯೂ ಹತ್ತುತ್ತದೆ. ಟಿಕೆಟ್ ತಗೊಳ್ಳದೆ ಹತ್ತುವುದು ಅದೊಂದೇ. ಕೆಲವು ಸಲ ಅದು ನನ್ನ ಜೊತೆಗೇ ಇಳಿದು ಮನೆಗೂ ಬಂದುಬಿಡುತ್ತದೆ.

ಬ್ರೇಕು

ನಮ್ಮ ಡ್ರೈವರು ನಿವೃತ್ತಿಗೆ ಹತ್ತಿರ ಬಂದವರು. ಹಾರ್ನ್ ಕೂಡ ಅಳೆದು ತೂಗಿ ಹೊಡೆಯುವ ಮನುಷ್ಯ. ಅಂಥವರು ಒಂದು ಮುಂಜಾನೆ ಮೋಟೆಬೆನ್ನೂರು ದಾಟಿ ಬ್ಯಾಡಗಿ ಕಡೆ ಹೊರಳಿದ ಮೇಲೆ, ರಸ್ತೆಯ ನಟ್ಟನಡುವೆ ಧಡಕ್ಕನೆ ಬ್ರೇಕ್ ಒತ್ತಿದರು. ನಿಂತವರು ಕುಂತವರ ಮೇಲೆ ಬಿದ್ದರು. ಏನಾಯಿತು ಎಂದು ನಾನು ಕೇಳುವಷ್ಟರಲ್ಲಿ ಅವರು ತಮ್ಮ ಕಡೆಯ ಬಾಗಿಲು ತೆಗೆದು ಕೆಳಗೆ ಜಿಗಿದು, ಹಿಂದೆ ಮುಂದೆ ನೋಡದೆ ಹೊಲದ ಕಡೆ ಓಡಿದರು.

"ಡ್ರೈವರ್ ಜಿಗದ್ನೋ! ಬ್ರೇಕ್ ಫೇಲ್ ಆಗೇತಿ!" ಎಂದು ಹಿಂದಿನಿಂದ ಒಬ್ಬ ಕೂಗಿದ.

"ನಿಂತ ಬಸ್ಸಿಗೆ ಎಂಥಾ ಬ್ರೇಕ್ ಫೇಲೋ?" ಎಂದು ಇನ್ನೊಬ್ಬ ಬೈದ. ಬೈದವನೇ ಎಲ್ಲರಿಗಿಂತ ಮೊದಲು ಕಿಟಕಿಯಲ್ಲಿ ಕಾಲು ಹಾಕಿದ್ದ.

ನನಗೆ ಹೊಳೆದದ್ದು ಬೇರೆ. ಎರಡು ದಿನದಿಂದ ಡ್ರೈವರು ಎದೆ ಒತ್ತಿಕೊಳ್ಳುವುದನ್ನು ನೋಡಿದ್ದೆ. ಕೇಳಿದರೆ ವಾಯು ಅಂದಿದ್ದರು. ನಾನು ಬಿದ್ದೆನೋ ಎದ್ದೆನೋ ಎಂದು ಅವರ ಹಿಂದೆ ಓಡಿದೆ. ಹತ್ತಿ ಹೊಲದ ಬದುವಿನ ಮೇಲೆ ಅವರು ಕುಕ್ಕರುಗಾಲಿನಲ್ಲಿ ಕೂತಿದ್ದರು. ನನ್ನ ಕಡೆ ಬೆನ್ನು. ತಲೆ ಪೂರ್ತಿ ಬಗ್ಗಿತ್ತು. ಅಲುಗಾಟವಿಲ್ಲ.

"ಅಣ್ಣಾರ! ಏನಾತ್ರಿ? ಎದಿ ನೋವೇನ್ರಿ?"

ಅವರು ತಿರುಗಿದರು. ಬಾಯಿ ತುಂಬಿತ್ತು. ಕೈಯಲ್ಲಿ ಬೇರು ಮಣ್ಣು ಸಮೇತ ಒಂದು ಹಿಡಿ ಹಸಿರು ಎಲೆ.

"ಹಕ್ಕರಿಕಿ ಬೇ ಅಕ್ಕಾ. ಈ ವರ್ಷದ ಮೊದಲನೇದು."

ಹಕ್ಕರಿಕಿ ಎಂದರೆ ನೆಲಕ್ಕೆ ಅಂಟಿಕೊಂಡು ತಾನೇ ಹುಟ್ಟುವ ಸೊಪ್ಪು. ಸ್ವಲ್ಪ ಕಹಿ. ಅದನ್ನು ಬೇಯಿಸುವುದಿಲ್ಲ, ಹಸಿಯಾಗಿಯೇ ರೊಟ್ಟಿಯ ಜೊತೆ ಕಚ್ಚುವುದು. ಆದರೆ ಅದಕ್ಕಾಗಿ ತುಂಬಿದ ಬಸ್ಸು ಬಿಟ್ಟು ಓಡುವುದೇ? ಅಷ್ಟರಲ್ಲಿ ಜನವೆಲ್ಲ ಇಳಿದು ಬಂದಿತ್ತು. ಮುಂದೆ ಒಬ್ಬ ರುಮಾಲಿನ ಹಿರಿಯರು, ಸಿಟ್ಟಿನಿಂದ ಬಡಿಗೆ ಎತ್ತಿ ಹಿಡಿದಿದ್ದರು. ಇವತ್ತು ಡ್ರೈವರಿಗೆ ಏಟು ಬೀಳುತ್ತದೆ ಎಂದು ನಾನು ಅಡ್ಡ ನಿಂತೆ.

"ಅಲ್ಲೋ ತಮ್ಮಾ," ಎಂದರು ಹಿರಿಯರು, "ಇಷ್ಟ ಮಂದಿ ಜೀವಾ ಕೈಯಾಗ ಹಿಡಕೊಂಡ ಕುಂತೇವಿ, ನೀ ಒಬ್ಬನ ತಿನ್ನಾಕತ್ತೀಯಲ್ಲೋ?"

ಆಮೇಲೆ ನಾನು ಸೀಟಿ ಊದಿದ್ದೇ ಊದಿದ್ದು. ಬದುವಿನಿಂದ ಯಾರೂ ಎದ್ದು ಬರಲಿಲ್ಲ.

ಬ್ಯಾಡಗಿ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕಣ್ಣು ಕೆಂಪಗೆ ಮಾಡಿದರು. "ಯಾಕ್ರಿ ಇಷ್ಟ ಲೇಟು? ರಸ್ತಾದಾಗ ದನ ಅಡ್ಡ ಬಂದ್ವೇನು?"

"ಇಲ್ರಿ," ಎಂದೆ. "ದನ ಬರೂಕಿಂತ ಮೊದ್ಲ ನಾವ ಹೋಗಿ ಮೇದ್ವಿ."

ಹೊಗೆಯಾಡುವ ಚೀಲ

ಹಾವೇರಿ ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವುದಿತ್ತು. ಹಿಂದಿನ ಸೀಟಿನ ಯುವಕನೊಬ್ಬ ಬಂದು ಕಿವಿಯ ಹತ್ತಿರ ಪಿಸುಗುಟ್ಟಿದ. "ಅಕ್ಕಾರ, ಸೀಟಿನ ಬುಡಕ ಒಂದ ಚೀಲ ಐತ್ರಿ. ಯಾರದೂ ಅಲ್ಲಂತ. ಹೊಗಿ ಬರಾಕತ್ತೈತಿ."

ಬಗ್ಗಿ ನೋಡಿದೆ. ದೊಡ್ಡ ವಾಯರ್ ಚೀಲ, ಒಳಗೆ ಹಳೆಯ ಕಂಬಳಿಯಲ್ಲಿ ಸುತ್ತಿದ ಏನೋ ಗಂಟು. ಕಂಬಳಿಯ ಸಂದಿನಿಂದ ಬೆಳ್ಳಗೆ, ತೆಳ್ಳಗೆ, ಸುರುಳಿ ಸುರುಳಿಯಾಗಿ ಏಳುತ್ತಿತ್ತು. "ಯಾರದ್ರೀ ಈ ಚೀಲ?" ಎಂದು ಕೂಗಿದೆ. ಉತ್ತರವಿಲ್ಲ. ಎರಡನೇ ಸಲ ಇನ್ನೂ ಜೋರಾಗಿ ಕೂಗಿದೆ. ಅಷ್ಟರಲ್ಲಿ ಯಾರೋ ಬಾಂಬ್ ಎಂದು ಬಾಯಿಬಿಟ್ಟರು. ಅಷ್ಟೇ, ಹತ್ತಲು ಅರ್ಧ ಗಂಟೆ ಜಗಳಾಡಿದ್ದ ಜನ ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಳಿದಿತ್ತು.

ಸ್ಟ್ಯಾಂಡಿನ ಪೊಲೀಸರೊಬ್ಬರು ಓಡಿ ಬಂದರು. ಎತ್ತರದ ಆಳು, ಹುರಿ ಮೀಸೆ. ಜನರನ್ನೆಲ್ಲ ದೂರ ಸರಿಸಿ, ಗಂಭೀರವಾಗಿ ಬಸ್ಸಿನ ಬಾಗಿಲವರೆಗೂ ನಡೆದು, ಅಲ್ಲೇ ನಿಂತರು.

"ಒಳಗ ಹೋಗಿ ನೋಡ್ರಿ," ಅಂದರು ನನಗೆ. "ಬಸ್ ನಿಮ್ದಲ್ಲೇನು?"

"ಬಸ್ ನಂದ್ರಿ. ಬಾಂಬ್ ನಿಮ್ದು."

ಬೇರೆ ದಾರಿ ಕಾಣದೆ ಇಬ್ಬರೂ ಹತ್ತಿದೆವು. ಪೊಲೀಸರು ಮೈಯನ್ನು ಆದಷ್ಟು ಹಿಂದಕ್ಕೆ ವಾಲಿಸಿ, ಲಾಠಿಯನ್ನು ಆದಷ್ಟು ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ ಕಂಬಳಿಯ ಅಂಚು ಎತ್ತಿದರು. ನಾನು ನನ್ನ ಮಕ್ಕಳ ಮುಖ ನೆನೆದೆ.

ಮೂಗಿಗೆ ಬಡಿದದ್ದು ಸುಟ್ಟ ಜೋಳದ ತೆನೆಯ ಘಮ.

"ಯಾವಾಂವ ಅದು, ನನ್ನ ಸೀತನಿಗೆ ಬಡಿಗಿ ಹಾಕಾಂವ?" ಎಂದು ಹಿಂದಿನಿಂದ ಗುಡುಗು ಕೇಳಿಸಿತು. ಮುದುಕಿಯೊಬ್ಬಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಹೊರಕಡೆ ಹೋಗಿದ್ದಳಂತೆ. ರಾಣೆಬೆನ್ನೂರಿನಲ್ಲಿ ಮಗಳು ಬಸುರಿ, ಸೀತನಿ ತಿನ್ನುವ ಬಯಕೆ. ಬೆಳಿಗ್ಗೆ ಹೊಲದಲ್ಲೇ ಹಾಲುಗಾಳಿನ ಜೋಳದ ತೆನೆ ಸುಟ್ಟು, ಬಡಿದು ಕಾಳು ಬಿಡಿಸಿ, ಆರಬಾರದೆಂದು ಕಂಬಳಿಯಲ್ಲಿ ಸುತ್ತಿದ್ದಳು. ಚಳಿಗೆ ಅದು ಆವಿ ಬಿಡುತ್ತಿತ್ತು.

ಪೊಲೀಸರು ಬೆವರು ಒರೆಸಿಕೊಂಡರು. ಇಷ್ಟು ಜನರ ಮುಂದೆ ಬರಿಗೈಯಲ್ಲಿ ಇಳಿಯುವುದು ಹೇಗೆ? "ಏನ ಇದ್ರೂ ಪರೀಕ್ಷಾ ಮಾಡಬೇಕಾಗತೈತಿ," ಎಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಕಿಟಕಿಯಲ್ಲಿ ಇಣುಕಿದವರು, "ನಮಗೂ ಅನುಮಾನ ಐತ್ರಿ," ಎಂದು ಕೈ ಒಡ್ಡಿದರು. ಮುದುಕಿಯೂ ಬೈಯುತ್ತಲೇ ಎಲ್ಲರ ಅಂಗೈಗೂ ಹಾಕಿ, ಮಗಳ ಪಾಲನ್ನು ಮಾತ್ರ ಮಡಿಲಲ್ಲಿ ಕಟ್ಟಿಕೊಂಡಳು.

ಅಷ್ಟರಲ್ಲಿ ಪೊಲೀಸರ ಫೋನು ರಿಂಗಾಯಿತು. ಆ ಕಡೆ ಸಾಹೇಬರು. "ಏನ್ರಿ ಆ ವಸ್ತು? ಏನ್ ಮಾಡಿದ್ರಿ?" ಎಂದು ಕೂಗಿದ್ದು ನನಗೂ ಕೇಳಿಸಿತು.

ಇವರು ನೆಟ್ಟಗೆ ನಿಂತು, ಬಾಯಲ್ಲಿದ್ದದ್ದನ್ನು ನುಂಗಿ ಹೇಳಿದರು. "ಪೂರ್ತಿ ನಾಶ ಮಾಡೇವ್ರಿ ಸರ. ಶೇಂಗಾ ಚಟ್ನಿ ಇದ್ದಿದ್ರ ಇನ್ನೂ ಲಗೂ ಆಗ್ತಿತ್ತು."

ತಂಗಿಯನ್ನು ನೋಡಲು ಬಂದವರು

ನನ್ನ ತವರು ರಾಣೆಬೆನ್ನೂರು. ತಂಗಿಗೆ ಹಿಂದೆ ಒಂದು ಸಂಬಂಧ ತಪ್ಪಿಹೋಗಿತ್ತು. ಹೀಗಾಗಿ ಹೊಸದಾಗಿ ನೋಡಲು ಬರುತ್ತಾರೆಂದರೆ ಮನೆಯಲ್ಲಿ ಪಾತ್ರೆ ಇಡುವ ಸದ್ದಿಗೂ ಎಲ್ಲರೂ ಬೆಚ್ಚುತ್ತಿದ್ದರು. ಹುಡುಗ ನಮ್ಮೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಊರು ಮಾತ್ರ ಮೈಸೂರು ಕಡೆ. ತಾಯಿ ಕಟ್ಟುನಿಟ್ಟಿನ ಹೆಂಗಸು ಎಂದು ಮೊದಲೇ ಸುದ್ದಿ ಬಂದಿತ್ತು.

ಅವ್ವ ಹೋಳಿಗೆ ಮಾಡಿದಳು. ನಮ್ಮ ಸೋದರತ್ತೆ ಕೇಳಲಿಲ್ಲ. ಈ ದಿನಮಾನದಲ್ಲಿ ಹಸಿ ಪಲ್ಯವಿಲ್ಲದೆ ಊಟ ಬಡಿಸಿದರೆ ಮರ್ಯಾದೆ ಹೋಗುತ್ತದೆಂದು ತಟ್ಟೆ ತುಂಬ ಹಕ್ಕರಿಕಿ, ಮೆಂತೆ, ಉಳ್ಳಾಗಡ್ಡಿ ತಪ್ಪಲು ಒಟ್ಟಿ ತಂದಿಟ್ಟಳು.

ಹುಡುಗನ ತಾಯಿ ಅದನ್ನು ನೋಡಿದರು. "ಇದೇನು, ಬೇಯಿಸೋದು ಮರೆತ್ರಾ?"

ಅವರು ಒಂದು ಹಕ್ಕರಿಕಿ ಎಲೆ ಕಚ್ಚಿದರು. ಮುಖ ಕಿವಿಚಿದರು. "ಅಯ್ಯೋ, ಕಹಿ! ಕೆಟ್ಟೋಗಿದೆ ಇದು."

ಅವ್ವನ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಅಪ್ಪ ಗೋಡೆ ನೋಡಿದರು. ಇದೂ ಹೋಯಿತು ಅಂದುಕೊಂಡೆ. ಸೋದರತ್ತೆ ಮಾತ್ರ ತಣ್ಣಗೆ ಹೇಳಿದಳು. "ಇಲ್ರೀ ಬೀಗರ, ಕಹಿ ಇರಲಿಲ್ಲಂದ್ರ ಕೆಟ್ಟೈತಿ ಅಂತ ತಿಳೀರಿ."

ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು ಅಗಿಯುತ್ತಿದ್ದ. ಬಾಗಿಲ ಹತ್ತಿರ ಕೂತ ತಂಗಿ ಅವನನ್ನೇ ನೋಡುತ್ತ, ತನ್ನ ತಟ್ಟೆಯ ಹಕ್ಕರಿಕಿಯನ್ನು ಹಿಡಿ ಹಿಡಿಯಾಗಿ ರೊಟ್ಟಿಗೆ ಸುತ್ತಿ ಮುಗಿಸುತ್ತಿದ್ದಳು. ಅವರು ಹೊರಟಾಗ "ಫೋನ್ ಮಾಡ್ತೀವಿ" ಎಂದಷ್ಟೇ ಅಂದರು. ಫೋನ್ ಬರುವವರೆಗೂ ಅವ್ವ ಸೋದರತ್ತೆಯ ಜೊತೆ ಮಾತು ಬಿಟ್ಟಳು. ಫೋನ್ ಬಂತು. ಹುಡುಗಿ ಒಪ್ಪಿಗೆಯಂತೆ!

ಮದುವೆಯಾದ ಮೇಲೆ ನಾನು ತಂಗಿಯ ಗಂಡನನ್ನು ಕೇಳಿದೆ. "ಅವತ್ತ ಅಷ್ಟ ಗದ್ದಲಾದರೂ ಹೆಂಗ ಒಪ್ಪಿದ್ರಿ?"

ಅವನು ತಾಯಿ ಅಡುಗೆಮನೆಯಲ್ಲಿದ್ದಾರೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಹೇಳಿದ. "ಅಕ್ಕಾ, ಅಷ್ಟು ಕಹೀನ ಮುಖ ಕಿವಿಚದೆ ನುಂಗೋಳು ನಮ್ಮಮ್ಮನ ಜೊತೆ ಖಂಡಿತ ಬಾಳ್ತಾಳೆ ಅನ್ನಿಸ್ತು."

ಒಂದು ಹಿಡಿ

ನಾವಿರುವುದು ಬ್ಯಾಡಗಿಯಲ್ಲಿ. ನನ್ನ ಅತ್ತೆಗೆ ಹೃದಯದ ಆಪರೇಷನ್ ಆಗಿದೆ. ರಕ್ತ ಹೆಪ್ಪುಗಟ್ಟಬಾರದೆಂದು ದಿನಾ ಗುಳಿಗೆ ನುಂಗಬೇಕು. ಹಸಿರು ಸೊಪ್ಪು ಒಮ್ಮೆಲೇ ಜಾಸ್ತಿ ತಿಂದರೆ ಆ ಗುಳಿಗೆಯ ಕಸುವು ಇಳಿಯುತ್ತದೆ ಎಂದು ಹಾವೇರಿಯ ಡಾಕ್ಟರು ಎಚ್ಚರಿಸಿದ್ದರು. ಬೇಸಿಗೆ, ಮಳೆಗಾಲ ಸುಸೂತ್ರವಾಗಿ ಕಳೆದವು. ಚಳಿ ಬಿದ್ದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಡಾಕ್ಟರ ಹುಬ್ಬು ಗಂಟಾಯಿತು.

"ಏನ್ ತಿನ್ನಸಾಕತ್ತೀರಿ ಇವರಿಗೆ? ಹಿಂಗಾದ್ರ ಜೀವಕ್ಕ ಗಂಡಾಂತರ ಐತಿ."

ನನ್ನ ಗಂಡನ ಮುಖ ಕಪ್ಪಾಯಿತು. ತಾಯಿಯೆಂದರೆ ಅವನಿಗೆ ಪ್ರಾಣ. ಅಂದಿನಿಂದ ಮನೆ ಪೊಲೀಸ್ ಠಾಣೆಯಾಯಿತು. ಸೊಪ್ಪು ಮಾರುವವಳನ್ನು ಓಣಿಯ ತುದಿಯಲ್ಲೇ ತಿರುಗಿಸಿ ಕಳಿಸುತ್ತಿದ್ದೆವು. ಡ್ಯೂಟಿಯಿಂದ ಬಂದವಳೇ ನಾನು ಅತ್ತೆಯ ಹಾಸಿಗೆ, ಟ್ರಂಕು, ಎಲೆಯಡಿಕೆ ಚೀಲ ತಡಕುತ್ತಿದ್ದೆ. ಏನೂ ಸಿಗಲಿಲ್ಲ. ಮತ್ತೆ ಪರೀಕ್ಷೆ ಮಾಡಿಸಿದೆವು. ಮೊದಲಿಗಿಂತ ಕೆಟ್ಟಿತ್ತು.

ಡಾಕ್ಟರ ಕೋಣೆಯಲ್ಲಿ ಅತ್ತೆ, ನಾನು, ಗಂಡ. ಅತ್ತೆಗೆ ಧೈರ್ಯ ಹೇಳಲೆಂದು ಪಕ್ಕದ ಮನೆಯ ಚಾಚಿಯೂ ಬಂದಿದ್ದರು. ಇಬ್ಬರದೂ ಬಹಳ ವರ್ಷದ ಗೆಳೆತನ.

"ಅಮ್ಮಾ, ಖರೇ ಹೇಳ್ರಿ," ಅಂದರು ಡಾಕ್ಟರು. "ಪಲ್ಯಾ ತಿಂದೀರೋ ಇಲ್ಲೋ?"

"ನಮ್ಮ ಮನಿ ಹೊಸ್ತಿಲದೊಳಗ ಒಂದ ಎಲಿ ಮುಟ್ಟಿದ್ರ ನನ್ನ ನಾಲಗಿ ಬಿದ್ದಹೋಗಲಿ!" ಎಂದಳು ಅತ್ತೆ.

ಚಾಚಿ ತಲೆಯೆತ್ತಿ ಫ್ಯಾನ್ ನೋಡತೊಡಗಿದರು. ಡಾಕ್ಟರು ಅವರ ಕಡೆ ತಿರುಗಿದರು.

"ನಿಮ್ಮ ಮನಿ ಎಲ್ಲೈತ್ರಿ?"

"ಬಾಜೂನ ಐತ್ರಿ ಡಾಕ್ಟರ್ ಸಾಬ್."

"ಹೊಸ್ತಿಲ?"

"ಅದೂ... ಬಾಜೂನ ಐತ್ರಿ."

ಚಾಚಿಯ ಕಣ್ಣಲ್ಲಿ ನೀರು ಬಂತು. "ಯಾ ಅಲ್ಲಾ, ದಿನಾ ಬಂದು ಕೇಳತಾಳ್ರಿ. ನಮ್ಮ ಹಿತ್ತಲದಾಗ ಹಕ್ಕರಿಕಿ ಹುಟ್ಟೇತಿ. ಇಲ್ಲ ಅಂತ ಹೆಂಗ ಅನ್ನಲಿ?"

ನನ್ನ ಗಂಡ ಕುರ್ಚಿಯಿಂದ ಎದ್ದ. "ಯವ್ವಾ, ನಿನಗೇನರ ಆದ್ರ ನಾ ಏನ್ ಮಾಡ್ಲಿ?"

"ಸಾಯೂದಂತೂ ಐತೋ ಅಪ್ಪಾ," ಎಂದಳು ಅತ್ತೆ ಸಣ್ಣ ದನಿಯಲ್ಲಿ. "ಹಕ್ಕರಿಕಿ ಕಾಲದಾಗ ಹಕ್ಕರಿಕಿ ಇಲ್ದ ಬದಕೂದು ಹೆಂಗಂತ ಅದನ್ನಷ್ಟ ಹೇಳು."

ಡಾಕ್ಟರು ಅತ್ತೆಯನ್ನು ನೋಡಿದರು. ಆಮೇಲೆ ಪೆನ್ನು ತಗೊಂಡರು. "ಬಿಡ್ರಿ ಅಂತ ನಾ ಅಂದೇ ಇಲ್ಲ. ಇವತ್ತ ಬುಟ್ಟಿಗಟ್ಟಲೆ ತಿಂದು ನಾಳಿ ಏನೂ ಇಲ್ಲ ಅಂತ ಮಾಡಬ್ಯಾಡ್ರಿ. ದಿನಾ ಒಂದ ಹಿಡಿ, ಹೆಚ್ಚೂ ಇಲ್ಲ, ಕಡಿಮಿನೂ ಇಲ್ಲ. ಅದಕ್ಕ ಹೊಂದೂ ಹಂಗ ನಾ ಗುಳಿಗಿ ಕೊಡತೇನಿ. ಪದೇ ಪದೇ ರಕ್ತ ತೋರಸಬೇಕು, ತಪ್ಪಸಂಗಿಲ್ಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಂದ ಹಿಡಿ ಅಂದ್ರ, ಯಾರ ಹಿಡೀರಿ?"

ಡಾಕ್ಟರು ಬರೆಯುತ್ತಲೇ ಅಂದರು. "ಮನ್ಯಾಗಿನವರದು ಯಾರದರೆ ಇರಲಿ. ದಿನಾ ಅವರೊಬ್ಬರದ ಇರಬೇಕು ಅಷ್ಟ."

ಮುಂದಿನ ಪರೀಕ್ಷೆಗಳಲ್ಲಿ ಗುಳಿಗೆಯ ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆ ಆಯಿತು. ಕೊನೆಗೆ ಒಂದು ದಿನ ಡಾಕ್ಟರ ಮುಖ ಅರಳಿತು. ರಕ್ತ ಬೇಕಾದ ಹದಕ್ಕೆ ಬಂದು ನಿಂತಿತ್ತು. ನನ್ನ ಗಂಡ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

"ಶಾಬ್ಬಾಸ್ ಅಮ್ಮಾ," ಎಂದರು ಡಾಕ್ಟರು. "ಆದ್ರ ನೀವು ತಗೊಳ್ಳೂ ಗುಳಿಗಿ ನೋಡಿದ್ರ, ಒಂದ ಹಿಡಿ ತಿನ್ನೂವ್ರಿಗೆ ಇದು ಸ್ವಲ್ಪ ಜಾಸ್ತಿ ಅನಸತೈತಿ. ಅಳತಿ ಹೆಂಗ ಮಾಡತೀರಿ?"

ಅತ್ತೆ ನನ್ನ ಗಂಡನ ಬಲಗೈಯನ್ನು ಎತ್ತಿ ಡಾಕ್ಟರ ಮೇಜಿನ ಮೇಲಿಟ್ಟಳು. ಅವನು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ಆ ಕೈ ಮೇಜಿನ ಮೇಲಿದ್ದ ಅರ್ಧ ಸಾಮಾನನ್ನು ಮುಚ್ಚಿಬಿಟ್ಟಿತು. ಎಷ್ಟು ತೊಳೆದರೂ ಹೋಗದ ಖಾರದ ಘಾಟು ಕೋಣೆಯಲ್ಲೆಲ್ಲ ಹರಡಿತು. ಡಾಕ್ಟರು ಆ ಕೈಯನ್ನು ನೋಡಿದರು, ಅತ್ತೆಯನ್ನು ನೋಡಿದರು, ಆಮೇಲೆ ಜೋರಾಗಿ ಸೀನಿದರು.

"ಇದರಾಗ ಇನ್ನೊಂದ ಅನುಕೂಲ ಐತ್ರಿ," ಎಂದಳು ಅತ್ತೆ. "ಚಟ್ನಿ ಬ್ಯಾರೆ ಬೇಕಾಗೂದಿಲ್ಲ."